ನಿವೃತ್ತಿಯ ಸಮೀಪದಲ್ಲಿರುವ ದಂಪತಿಗಳಿಗೆ

ನಮ್ಮ ರಾಜ್ಯದ ಸರ್ಕಾರಿ ಸೇವೆಯಲ್ಲಿ ನಿವೃತ್ತಿಯ ವಯಸ್ಸು 60 ವರ್ಷ; ಅದಕ್ಕೆ ಇನ್ನೂ ಮೂರು ನಾಲ್ಕು ವರ್ಷಗಳು ಉಳಿದಿರುವಾಗಲೇ, ಕಚೇರಿಯ ಕಡತಗಳನ್ನು ಕರತಲಾಮಲಕವಾಗಿ ಬಲ್ಲ ಪತಿಯೂ, ಸಾವಿರಾರು ಮಕ್ಕಳಿಗೆ ಅಕ್ಷರ ತಿದ್ದಿಸಿದ ಪತ್ನಿಯೂ, ಗಣಕಯಂತ್ರದ ಮುಂದೆ ಕುಳಿತು ಕಿರಿಯರ ಮುಖ ನೋಡಬೇಕಾದ ಸಂಕೋಚದಿಂದ ‘ಇನ್ನು ನಮ್ಮಿಂದಾಗದು’ ಎಂದು ಕುಗ್ಗುವುದನ್ನು ನಾನು ಅನೇಕ ಮನೆಗಳಲ್ಲಿ ಕಂಡು ನೊಂದಿದ್ದೇನೆ. ಅದಕ್ಕಿಂತಲೂ ಕಳವಳಕರವಾದುದೆಂದರೆ, ತನ್ನ ಅಧೈರ್ಯವು ಮತ್ತೊಬ್ಬರಿಗೆ ಭಾರವಾದೀತೆಂದು ಇಬ್ಬರೂ ಅದನ್ನು ಮರೆಮಾಚಿ, ರಾತ್ರಿ ಮಾತಿಲ್ಲದೆ ಊಟ ಮುಗಿಸಿ ಏಳುವುದು. ಹಾಗೆ ಮಾಡಬೇಡಿರಿ. ಹಗಲು ತೋಚದೆ ಹೋದ ಕೆಲಸವನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳಿರಿ. ಹೊಸ ತಂತ್ರಾಂಶದ ಕ್ರಮವನ್ನು ಸ್ವಹಸ್ತದಿಂದ ಒಂದು ನೋಟುಪುಸ್ತಕದಲ್ಲಿ ಬರೆದಿಟ್ಟು, ದಿನಕ್ಕೆ ಅರ್ಧ ಗಂಟೆ ಜೊತೆಯಾಗಿ ಅಭ್ಯಾಸ ಮಾಡಿರಿ. ನಿಮಗೆ ಕಲಿಸುವ ಕಿರಿಯನಿಗೆ ಸೇವಾ ನಿಯಮಾವಳಿಯ ತೊಡಕುಗಳನ್ನು ಪ್ರತಿಯಾಗಿ ಬಿಡಿಸಿಕೊಡಿರಿ. ವಯಸ್ಸಾಯಿತೆಂದು ಅಳುಕಬೇಡಿರಿ: ಡಿ. ವಿ. ಗುಂಡಪ್ಪನವರ ‘ಮಂಕುತಿಮ್ಮನ ಕಗ್ಗ’ 1943ರಲ್ಲಿ ಪ್ರಕಟವಾದಾಗ ಅವರಿಗೆ 56 ವರ್ಷ. ಮಾಸ್ತಿಯವರ ‘ಚಿಕವೀರ ರಾಜೇಂದ್ರ’ ಹೊರಬಂದಾಗ ಅವರು 60ನ್ನು ದಾಟಿದ್ದರು. ಇನ್ನೊಂದು ಮಾತು: ಸೇವಾ ಪುಸ್ತಕದ ನಮೂದುಗಳನ್ನೂ ನಾಮನಿರ್ದೇಶನದ ಪತ್ರಗಳನ್ನೂ ಇದೇ ವಾರ ಇಬ್ಬರೂ ಕೂಡಿ ಕುಳಿತು ಪರಿಶೀಲಿಸಿರಿ, ಪಿಂಚಣಿಯ ಚಿಂತೆ ತುಸು ಇಳಿದರೆ ಕಲಿಕೆಗೆ ಮನಸ್ಸು ತಾನಾಗಿ ಬಿಡುವಾಗುತ್ತದೆ.