ಶೀರ್ಷಿಕೆಯಿಂದ ಪ್ರಶ್ನೆಗೆ: ಎಂ.ಕಾಂ. ಕಿರುಪ್ರಬಂಧದ ಯೋಜನೆ ಕುರಿತ ಒಂದು ಪಾಠ

ಘಟಕ: ವಾಣಿಜ್ಯ ಸ್ನಾತಕೋತ್ತರ ಕಿರುಪ್ರಬಂಧದ ಯೋಜನೆ ಮತ್ತು ಬರವಣಿಗೆ
ವಿಧಾನ: ಸಹಪಾಠಿ ಬೋಧನೆ, 5ಇ ಮಾದರಿ
ಅವಧಿ: 45 ನಿಮಿಷ
ಬೋಧನೋಪಕರಣಗಳು: ಕಪ್ಪುಹಲಗೆ, ಪಾವಗಡ ತಾಲ್ಲೂಕಿನ ನಕ್ಷೆ, ಕ್ಯಾಲ್ಕುಲೇಟರ್

ವಿಷಯದ ಆಯ್ಕೆ

ನಾನು ಗಣಿತ-ವಿಜ್ಞಾನ ವಿಭಾಗದ ಪ್ರಶಿಕ್ಷಣಾರ್ಥಿ. ಎಂ.ಕಾಂ. ಓದುತ್ತಿರುವ ನಮ್ಮಕ್ಕ ಕಿರುಪ್ರಬಂಧಕ್ಕೆ ‘ಪಾವಗಡ ಸೋಲಾರ್ ಪಾರ್ಕ್‌ನ ಆರ್ಥಿಕ ಪರಿಣಾಮ’ ಎಂಬ ಶೀರ್ಷಿಕೆ ಆರಿಸಿಕೊಂಡಿದ್ದಳು. ಅದರ ಲೆಕ್ಕದ ಭಾಗಕ್ಕೆ ನಾನು ಜೊತೆಯಾದೆ. ನಾವೂ ಕ್ರಿಯಾ ಸಂಶೋಧನೆಯ ವರದಿ ಬರೆಯಬೇಕಾದವರು. ಪಾಠಕ್ಕೆ ಉದ್ದೇಶ ಹೇಗೋ ಪ್ರಬಂಧಕ್ಕೆ ಪ್ರಶ್ನೆ ಹಾಗೆ. ಅದು ಸ್ಪಷ್ಟವಾದರೆ ಉಳಿದ ಹಂತಗಳು ತಾವಾಗಿ ಸಾಲುಗೂಡುತ್ತವೆ ಎಂಬುದನ್ನು ತೋರಿಸಲು ಈ ಪಾಠ ಸಿದ್ಧಪಡಿಸಿದೆ.

ಕಲಿಕಾ ಫಲಗಳು

ಕಲಿಯುವವರು (1) ವಿಶಾಲವಾದ ಶೀರ್ಷಿಕೆಯನ್ನು ಉತ್ತರಿಸಬಹುದಾದ ಪ್ರಶ್ನೆಯಾಗಿ ಬದಲಿಸುವರು. (2) ಹೋಲಿಕೆಗೆ ತಕ್ಕ ಆಧಾರ ಗುರುತಿಸುವರು. (3) ಮಾದರಿಯ ಪಟ್ಟಿಯಿಂದ ಯಾರು ಹೊರಗುಳಿಯುತ್ತಾರೆಂದು ಹೇಳುವರು.

1. ತೊಡಗಿಸಿಕೊಳ್ಳುವಿಕೆ

ನಕ್ಷೆಯಲ್ಲಿ ತಿರುಮಣಿ, ವಳ್ಳೂರು, ಬಾಲಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಗ್ರಾಮಗಳನ್ನು ಗುರುತಿಸಲು ಹೇಳಿದೆ. ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಪಾರ್ಕ್ ಇರುವುದು ಇಲ್ಲೇ. ರೈತರ ಭೂಮಿಯನ್ನು ಕೊಂಡುಕೊಳ್ಳದೆ ಗುತ್ತಿಗೆಗೆ ಪಡೆದದ್ದು ಇದರ ವಿಶೇಷ. ಗುತ್ತಿಗೆ ಹಣ ಆರಂಭದಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಇತ್ತು. ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ.

ಹಲಗೆಯ ಮೇಲೆ ಮೂರು ಪ್ರಶ್ನೆ ಬರೆದೆ:

ಅ) ಪಾರ್ಕ್‌ನಿಂದ ಪಾವಗಡಕ್ಕೆ ಒಳ್ಳೆಯದಾಯಿತೇ?
ಆ) ರೈತರ ಜೀವನಮಟ್ಟ ಸುಧಾರಿಸಿತೇ?
ಇ) ಭೂಮಿ ಕೊಟ್ಟ ಮನೆಗಳ ವಾರ್ಷಿಕ ಆದಾಯದಲ್ಲಿ ಗುತ್ತಿಗೆ ಹಣದ ಪಾಲೆಷ್ಟು, ಅದು ಯಾವುದಕ್ಕೆ ಖರ್ಚಾಗುತ್ತದೆ?

‘ಒಬ್ಬರೇ ನಾಲ್ಕು ತಿಂಗಳಲ್ಲಿ ಯಾವುದಕ್ಕೆ ಉತ್ತರ ತರಬಲ್ಲರು?’ ಎಂದಾಗ ಎಲ್ಲರೂ ಮೂರನೆಯದನ್ನು ತೋರಿಸಿದರು. ಕಾರಣ ಕೇಳಿದೆ. ‘ಯಾರನ್ನು ಕೇಳಬೇಕು, ಏನು ಕೇಳಬೇಕು ಎರಡೂ ಅದರೊಳಗೇ ಇದೆ’ ಎಂದು ಒಬ್ಬ ಸಹಪಾಠಿ ಉತ್ತರಿಸಿದರು.

2. ಪರಿಶೋಧನೆ

ತರಗತಿಯನ್ನು ನಾಲ್ಕು ಗುಂಪು ಮಾಡಿ ಲೆಕ್ಕ ಕೊಟ್ಟೆ. 20 ವರ್ಷದಲ್ಲಿ ಹತ್ತು ಸಲ ಶೇ. 5 ಏರಿದರೆ 21,000 ರೂಪಾಯಿ ಸುಮಾರು 34,207 ಆಗುತ್ತದೆ. ವರ್ಷಕ್ಕೆ ಹಂಚಿದರೆ ಈ ಏರಿಕೆ ಶೇ. 2.5ಕ್ಕಿಂತ ಸ್ವಲ್ಪ ಕಡಿಮೆ. ರಿಸರ್ವ್ ಬ್ಯಾಂಕಿಗೆ 2016ರಲ್ಲಿ ಗೊತ್ತುಪಡಿಸಿದ ಹಣದುಬ್ಬರದ ಗುರಿ ಶೇ. 4. ಬೆಲೆಗಳು ಅದೇ ವೇಗದಲ್ಲಿ ಏರಿದರೆ, ಇಂದಿನ 21,000 ರೂಪಾಯಿಯ ಸಾಮಾನಿಗೆ 20 ವರ್ಷದ ನಂತರ ಸುಮಾರು 46,014 ರೂಪಾಯಿ ಬೇಕು. ಅಂದರೆ ಆಗ ಕೈಗೆ ಬರುವ 34,207ರ ಬೆಲೆ ಇಂದಿನ ಲೆಕ್ಕದಲ್ಲಿ 15,600 ರೂಪಾಯಿಯಷ್ಟೇ.

‘ಹಾಗಾದರೆ ರೈತರಿಗೆ ನಷ್ಟ’ ಎಂದು ಎರಡು ಗುಂಪು ತೀರ್ಮಾನಿಸಿದವು. ‘ಯಾವುದಕ್ಕೆ ಹೋಲಿಸಿದರೆ ನಷ್ಟ?’ ಎಂದು ಮರುಪ್ರಶ್ನೆ ಹಾಕಿದೆ. ಮಳೆ ಕೈಕೊಟ್ಟ ವರ್ಷ ಅದೇ ಎಕರೆಯ ಕಡಲೇಕಾಯಿ ಬಿತ್ತನೆ ಬೀಜದ ಖರ್ಚನ್ನೂ ಹುಟ್ಟಿಸದು. ಆದ್ದರಿಂದ ಒಳ್ಳೆಯ ವರ್ಷ, ಕೆಟ್ಟ ವರ್ಷ ಎರಡರ ಬೆಳೆ ಲೆಕ್ಕವನ್ನೂ ಕೇಳಿ ಬರೆದುಕೊಳ್ಳದೆ ಲಾಭ-ನಷ್ಟದ ಮಾತಾಡುವಂತಿಲ್ಲ. ಇದನ್ನು ಗುಂಪುಗಳೇ ಕಂಡುಕೊಂಡವು.

3. ವಿವರಣೆ

ಮಾದರಿಯ ಆಯ್ಕೆಗೆ ಹೆಚ್ಚು ಸಮಯ ಕೊಟ್ಟೆ. ಗುತ್ತಿಗೆದಾರರ ಪಟ್ಟಿ ಹಿಡಿದು ಐವತ್ತು ಮನೆ ಆರಿಸುವುದು ಸುಲಭ. ಆದರೆ ಆ ಪಟ್ಟಿಯಲ್ಲಿರುವುದು ಪಹಣಿಯಲ್ಲಿ ಹೆಸರಿದ್ದವರು. ಅದೇ ಹೊಲಗಳಲ್ಲಿ ಕಳೆ ಕೀಳಲು, ಕಾಯಿ ಬಿಡಿಸಲು ಹೋಗುತ್ತಿದ್ದ ಕೂಲಿಯವರು, ಕಟಾವಾದ ಹೊಲದಲ್ಲಿ ಕುರಿ ಮೇಯಿಸುತ್ತಿದ್ದವರು, ಗಂಡನ ಹೆಸರಿನ ಭೂಮಿಯಲ್ಲಿ ದುಡಿದ ಹೆಂಗಸರು ಅದರಲ್ಲಿ ಇಲ್ಲ. ಬರೀ ಪಟ್ಟಿಯಲ್ಲಿದ್ದವರನ್ನು ಕೇಳಿ ‘ಗ್ರಾಮಸ್ಥರ ಆದಾಯ’ ಎಂದು ಬರೆದರೆ ಇವರೆಲ್ಲರ ಉತ್ತರವನ್ನು ನಾವೇ ಅಳಿಸಿದಂತೆ. ದಾರಿ ಎರಡು: ಶೀರ್ಷಿಕೆಯನ್ನು ‘ಗುತ್ತಿಗೆದಾರ ಕುಟುಂಬಗಳು’ ಎಂದು ಕಿರಿದು ಮಾಡುವುದು, ಇಲ್ಲವೇ ಭೂಮಿಯಿಲ್ಲದ ಮನೆಗಳ ಎರಡನೇ ಗುಂಪು ಸೇರಿಸುವುದು.

4. ವಿಸ್ತರಣೆ

ಪ್ರಬಂಧದ ರೂಢಿಯ ಐದು ಅಧ್ಯಾಯಗಳನ್ನು ಹಲಗೆಯಲ್ಲಿ ಬರೆದೆ: ಪೀಠಿಕೆ, ಸಾಹಿತ್ಯ ಸಮೀಕ್ಷೆ, ಸಂಶೋಧನಾ ವಿಧಾನ, ವಿಶ್ಲೇಷಣೆ, ಸಾರಾಂಶ ಮತ್ತು ಸಲಹೆಗಳು. ಓದುವ ಕ್ರಮ ಇದು. ಬರೆಯುವ ಕ್ರಮ ಇದೇ ಆಗಬೇಕಿಲ್ಲ. ವಿಧಾನದ ಅಧ್ಯಾಯವನ್ನು ಕ್ಷೇತ್ರಕ್ಕೆ ಹೋಗುವ ಮೊದಲೇ ಬರೆಯುವುದು, ಪೀಠಿಕೆಯನ್ನು ಕೊನೆಗೆ ತಿದ್ದುವುದು ಅನುಕೂಲ. ನಮ್ಮ ಗಡಿ ತಾಲ್ಲೂಕಿನಲ್ಲಿ ಎಷ್ಟೋ ಮನೆಗಳ ಮಾತು ತೆಲುಗು. ಆದ್ದರಿಂದ ಪ್ರಶ್ನಾವಳಿಯನ್ನು ಕನ್ನಡ, ತೆಲುಗು ಎರಡರಲ್ಲೂ ಐದಾರು ಮನೆಗಳಲ್ಲಿ ಕೇಳಿ ಪರೀಕ್ಷಿಸಬೇಕು. ‘ವಾರ್ಷಿಕ ಆದಾಯ ಎಷ್ಟು?’ ಎಂದರೆ ಉತ್ತರ ಬರುವುದು ಕಷ್ಟ. ಹಣ ಯಾವ ತಿಂಗಳು ಬಂತು, ಯಾವ ಸಾಲಕ್ಕೆ ಹೋಯಿತು ಎಂದು ಬಿಡಿಬಿಡಿಯಾಗಿ ಕೇಳಬೇಕು.

5. ಮೌಲ್ಯಮಾಪನ

- ‘ಮಧುಗಿರಿಯ ಸಂತೆ ವ್ಯಾಪಾರ’ ಎಂಬ ಶೀರ್ಷಿಕೆಯನ್ನು ಒಂದು ಪ್ರಶ್ನೆಯಾಗಿ ಬರೆಯಿರಿ.
- ಆ ಪ್ರಶ್ನೆಗೆ ಯಾವ ಪಟ್ಟಿಯಿಂದ ಮಾದರಿ ಆರಿಸುವಿರಿ? ಅದರಲ್ಲಿ ಯಾರಿಲ್ಲ?

ಗೃಹಕಾರ್ಯ: ನಿಮ್ಮ ಕ್ರಿಯಾ ಸಂಶೋಧನೆಯ ಶೀರ್ಷಿಕೆಗೆ ಇದೇ ಎರಡು ಪ್ರಶ್ನೆ ಹಾಕಿ ನೋಡಿ.

ಅವಲೋಕನ

ಇಪ್ಪತ್ತೆರಡು ಸಹಪಾಠಿಗಳಲ್ಲಿ ಹದಿನೇಳು ಮಂದಿ ಉತ್ತರಿಸಬಹುದಾದ ಪ್ರಶ್ನೆ ಬರೆದರು. ‘ಯಾರಿಲ್ಲ?’ ಎಂಬುದಕ್ಕೆ ಸರಿಯುತ್ತರ ಕೊಟ್ಟವರು ಒಂಬತ್ತು ಜನ. ಹಾಗಾಗಿ ಮೂರನೇ ಹಂತಕ್ಕೆ ಇನ್ನೂ ಹತ್ತು ನಿಮಿಷ ಸಲ್ಲಬೇಕು. ಅಕ್ಕ ಎರಡನೇ ದಾರಿ ಹಿಡಿದಿದ್ದಾಳೆ: ಗುತ್ತಿಗೆಗೆ ಕೊಟ್ಟ ಮೂವತ್ತು ಮನೆ, ಭೂಮಿಯಿಲ್ಲದ ಮೂವತ್ತು ಮನೆ. ಕೆಲಸ ಇಮ್ಮಡಿಯಾಯಿತು, ಆದರೆ ಈಗ ಅವಳ ಪ್ರಬಂಧ ‘ಗ್ರಾಮ’ ಎಂಬ ಪದವನ್ನು ಬಳಸಬಹುದು.