ಬ್ಯೂಗಲ್‌ಗೆ ಕಿವಿಗೊಡುವ ಮುನ್ನ

ಹುತಾತ್ಮ ಯೋಧರ ಪಾರ್ಥಿವ ಶರೀರ ಊರಿಗೆ ಬಂದ ದಿನ ಜೈಕಾರಗಳೆಲ್ಲ ನಿಂತ ಮೇಲೆ ಬ್ಯೂಗಲ್ ಮೊಳಗುತ್ತದೆ. ಜನವರಿ 29ರ ಸಂಜೆ ದೆಹಲಿಯ ವಿಜಯ್ ಚೌಕ್‌ನಲ್ಲಿ ಗಣರಾಜ್ಯೋತ್ಸವದ ಸಮಾರೋಪವಾಗಿ ನಡೆಯುವ ಬೀಟಿಂಗ್ ರಿಟ್ರೀಟ್‌ನಲ್ಲೂ ಅದೇ ವಾದ್ಯ ಕೇಳುತ್ತದೆ. ಅದು ಏನು ಹೇಳುತ್ತಿದೆ ಎಂದು ಮೊದಲ ಸಲ ಕೇಳುವವರಿಗೆ ತಿಳಿಯುವುದಿಲ್ಲ. ಒಂದೊಂದಾಗಿ ನೋಡೋಣ.

ಮೊದಲು ವಾದ್ಯ. ಬ್ಯೂಗಲ್‌ಗೆ ಕೊಳಲಿಗಿರುವಂತೆ ರಂಧ್ರಗಳಿಲ್ಲ, ಟ್ರಂಪೆಟ್‌ಗಿರುವಂತೆ ಒತ್ತುವ ಗುಂಡಿಗಳೂ ಇಲ್ಲ. ಸುತ್ತಿದ ಒಂದು ಲೋಹದ ಕೊಳವೆ, ಅಷ್ಟೆ. ತುಟಿ ಬಿಗಿಹಿಡಿದು, ಸಡಿಲಿಸಿ ಊದುವುದರಲ್ಲೇ ಎಲ್ಲ ಸ್ವರಗಳೂ ಹುಟ್ಟಬೇಕು. ನಮ್ಮ ಸಂಗೀತದ ಲೆಕ್ಕದಲ್ಲಿ ಹೇಳುವುದಾದರೆ ಸಿಗುವುದು ಮುಖ್ಯವಾಗಿ ಸ, ಗ, ಪ. ಕೆಳಸ್ಥಾಯಿಯ ಸ ಮತ್ತು ಪ, ಮೇಲಿನ ಸ, ಗ, ಪ ಸೇರಿ ಐದು. ಸೇನೆಯ ಕರೆಗಳನ್ನೆಲ್ಲ ಸಾಮಾನ್ಯವಾಗಿ ಈ ಐದರಲ್ಲೇ ಕಟ್ಟಿದ್ದಾರೆ. ಅಷ್ಟು ಸರಳವಾಗಿರುವುದಕ್ಕೆ ಕಾರಣವೂ ಇದೆ: ಇವು ಕಛೇರಿಗಾಗಿ ಹುಟ್ಟಿದವಲ್ಲ, ಶಿಬಿರದ ತುಂಬ ಆಜ್ಞೆ ಮುಟ್ಟಿಸಲು ಹುಟ್ಟಿದವು.

ಹಿಂದೆ ಬ್ರಿಟಿಷ್ ಸೇನೆಯಲ್ಲಿ ರಾತ್ರಿ ಅಧಿಕಾರಿಯೊಬ್ಬ ಕಾವಲು ಠಾಣೆಗಳನ್ನು ನೋಡಿಕೊಂಡು ಬರುತ್ತಿದ್ದ. ಕೊನೆಯ ಠಾಣೆ ಮುಗಿದಾಗ ಊದುತ್ತಿದ್ದದ್ದೇ 'ಲಾಸ್ಟ್ ಪೋಸ್ಟ್'. ಎಲ್ಲ ಸರಿಯಾಗಿದೆ, ಇನ್ನು ಮಲಗಬಹುದು ಎಂಬುದು ಅದರ ಸೂಚನೆ. ಬೆಳಿಗ್ಗೆ ಎಬ್ಬಿಸುವ ಕರೆ 'ರೌಸ್'. ಸೂರ್ಯಾಸ್ತಕ್ಕೆ ಕಾದಾಟ ನಿಲ್ಲಿಸಿ ಬಿಡಾರಕ್ಕೆ ಮರಳಲು 'ರಿಟ್ರೀಟ್'. ಯೋಧನನ್ನು ಬೀಳ್ಕೊಡಲು ಸೇನೆ ಹೊಸ ಶೋಕಗೀತೆ ಹುಡುಕಲಿಲ್ಲ. ಅವನು ದಿನವೂ ಕೇಳುತ್ತಿದ್ದ ಲಾಸ್ಟ್ ಪೋಸ್ಟ್ ಕರೆಯನ್ನೇ ಕೊನೆಯ ಬಾರಿಗೆ ಕೇಳಿಸಿತು. ಅವನ ಪಾಳಿ ಮುಗಿಯಿತು ಎಂದು ಸಾರುವುದೇ ಇಲ್ಲಿನ ಗೌರವ.

ಸೈನಿಕರ ದಿನಚರಿಯ ಈ ಧಾರೆಯ ಪಕ್ಕದಲ್ಲಿ ಜನರು ಸೈನಿಕರಿಗಾಗಿ ಕಟ್ಟಿದ ಹಾಡುಗಳ ಧಾರೆಯೂ ಇದೆ. 1962ರ ಯುದ್ಧದ ನೋವಿನಲ್ಲಿ ಕವಿ ಪ್ರದೀಪ್ ಬರೆದ 'ಏ ಮೇರೆ ವತನ್ ಕೆ ಲೋಗೋ'ಗೆ ಸಿ. ರಾಮಚಂದ್ರ ರಾಗ ಹಾಕಿದರು. 1963ರ ಜನವರಿ 27ರಂದು ದೆಹಲಿಯಲ್ಲಿ ನೆಹರೂ ಅವರ ಎದುರು ಲತಾ ಮಂಗೇಶ್ಕರ್ ಹಾಡಿದರು. 2022ರಲ್ಲಿ ಬೀಟಿಂಗ್ ರಿಟ್ರೀಟ್‌ನಿಂದ 'ಅಬೈಡ್ ವಿತ್ ಮಿ' ಎಂಬ ಕ್ರೈಸ್ತ ಪ್ರಾರ್ಥನಾಗೀತೆಯನ್ನು ಕೈಬಿಟ್ಟು ಈ ಹಾಡನ್ನು ಸೇರಿಸಿದರು. ಅದರ ಬಗ್ಗೆ ಪರ-ವಿರೋಧದ ಚರ್ಚೆಯೂ ನಡೆಯಿತು. 1950ರ ದಶಕದಿಂದ ಬಂದಿರುವ ಈ ಆಚರಣೆಯ ಕೊನೆಯ ಭಾಗವನ್ನು ಗಮನವಿಟ್ಟು ನೋಡಿ. ಬ್ಯಾಂಡ್‌ಗಳ ಮುಖ್ಯಸ್ಥರು ರಾಷ್ಟ್ರಪತಿಯ ಮುಂದೆ ಬಂದು, ವಾದ್ಯವೃಂದವನ್ನು ಕರೆದೊಯ್ಯಲು ಅಪ್ಪಣೆ ಕೇಳುತ್ತಾರೆ. 'ಸಾರೆ ಜಹಾಂ ಸೇ ಅಚ್ಛಾ' ನುಡಿಸುತ್ತ ಬ್ಯಾಂಡ್‌ಗಳು ಹಿಂದಿರುಗುತ್ತವೆ. ಆಮೇಲೆ ಬ್ಯೂಗಲ್‌ಗಳು ರಿಟ್ರೀಟ್ ಊದುತ್ತವೆ, ಧ್ವಜ ಇಳಿಯುತ್ತದೆ, ರಾಷ್ಟ್ರಗೀತೆ ಮೊಳಗುತ್ತದೆ.

ಇನ್ನು ಕೇಳುಗರ ನಡವಳಿಕೆ. ಬ್ಯಾಂಡ್ ಮಾರ್ಚ್ ನುಡಿಸುವಾಗ ಧಾರಾಳವಾಗಿ ಚಪ್ಪಾಳೆ ತಟ್ಟಿ. ಆದರೆ ಸ್ಮಾರಕದ ಎದುರು 'ಶೋಕ ಶಸ್ತ್ರ' ಎಂಬ ಆಜ್ಞೆ ಕೇಳಿ, ಯೋಧರು ಬಂದೂಕಿನ ನಳಿಗೆ ಕೆಳಗೆ ಮಾಡಿ ತಲೆಬಾಗಿದರೆಂದರೆ ಮಾತು ನಿಲ್ಲಿಸಿ, ಮೊಬೈಲ್ ಕೆಳಗಿಟ್ಟು ನೆಟ್ಟಗೆ ನಿಲ್ಲಿ. ಸೆಲ್ಯೂಟ್ ಸಮವಸ್ತ್ರದವರಿಗೆ ಬಿಟ್ಟದ್ದು. ಲಾಸ್ಟ್ ಪೋಸ್ಟ್ ಮುಗಿದ ಕೂಡಲೇ ಕಾರ್ಯಕ್ರಮವೂ ಮುಗಿಯಿತೆಂದು ಹೊರಡಬೇಡಿ. ಆಮೇಲಿನ ಮೌನವೂ, ಅದರ ಹಿಂದೆಯೇ ಬರುವ ರೌಸ್ ಕೂಡ ಆ ಗೌರವಕ್ಕೇ ಸೇರಿದವು.