ಬಾಣಂತಿಗೆ ಮೈಯಷ್ಟೇ ಅಲ್ಲ, ಮನಸ್ಸೂ ಇದೆ



ಕೋಡಿಹಳ್ಳಿ ಸುತ್ತಿನ ನಮ್ಮ ಊರುಗಳಲ್ಲಿ ಹೆರಿಗೆಯಾದ ಮನೆಗೆ ಹೋದವರು ಏನು ಕೇಳುತ್ತಾರೆ ಎಂದು ನಿಮಗೆಲ್ಲ ಗೊತ್ತು. "ಮಗು ಹಾಲು ಕುಡೀತಾ? ಬಾಣಂತಿ ಊಟ ಮಾಡಿದ್ಲಾ? ನೀರು ಹಾಕಿದ್ರಾ?" ಕೇಳಬೇಕಾದ ಮಾತುಗಳೇ. ಆದರೆ "ನಿನ್ನ ಮನಸ್ಸು ಹೇಗಿದೆಯಮ್ಮಾ?" ಎಂದು ಕೇಳುವವರು ಕಡಿಮೆ. ಈ ಸಲದ ಪಾಠದಲ್ಲಿ ಬಾಣಂತಿಯ ಮನಸ್ಸಿನ ಬಗ್ಗೆ ತಿಳಿದುಕೊಳ್ಳೋಣ. ಅದಕ್ಕಾಗಿ ಹಾಸನದ ಬರಹಗಾರ್ತಿ ಬಾನು ಮುಷ್ತಾಕ್ ಅವರ ಬದುಕನ್ನು ನೋಡೋಣ.

ಬಾನು ಮುಷ್ತಾಕ್ ಯಾರು?

ಇವರು 1948ರಲ್ಲಿ ಹಾಸನದಲ್ಲಿ ಹುಟ್ಟಿದರು. ಮನೆಮಾತು ಉರ್ದು. ಎಂಟನೇ ವಯಸ್ಸಿನಲ್ಲಿ ಶಿವಮೊಗ್ಗದ ಮಿಷನರಿ ಕನ್ನಡ ಶಾಲೆಗೆ ಸೇರಿಸಿದಾಗ, ಆರು ತಿಂಗಳೊಳಗೆ ಕನ್ನಡ ಓದಲು ಬರೆಯಲು ಕಲಿಯಬೇಕು ಎಂಬ ಷರತ್ತು ಇತ್ತು. ಹುಡುಗಿ ಕೆಲವೇ ದಿನಗಳಲ್ಲಿ ಕಲಿತುಬಿಟ್ಟಳು. ಮುಂದೆ ಕಾಲೇಜು ಓದಿದರು. 26ನೇ ವಯಸ್ಸಿನಲ್ಲಿ ತಾವು ಮೆಚ್ಚಿದವರನ್ನೇ ಮದುವೆಯಾದರು.

ಮದುವೆಯ ನಂತರ ಮನೆಗೆಲಸವೇ ನಿನ್ನ ಬದುಕು ಎಂಬಂತಾಯಿತು. 29ನೇ ವಯಸ್ಸಿನಲ್ಲಿ ತಾಯಿಯಾದರು. ಆಗ ಬಾಣಂತನದ ಖಿನ್ನತೆ ಬಂತು. ಒಂದು ದಿನ ತಮ್ಮ ಜೀವವನ್ನೇ ಕಳೆದುಕೊಳ್ಳಲು ಹೊರಟರು. ಸಮಯಕ್ಕೆ ಸರಿಯಾಗಿ ಗಂಡ ಗಮನಿಸಿದರು, ತಬ್ಬಿ ಹಿಡಿದರು, ಕೂಸನ್ನು ಅವರ ಕಾಲ ಬಳಿ ಮಲಗಿಸಿ ನಮ್ಮನ್ನು ಬಿಟ್ಟು ಹೋಗಬೇಡ ಎಂದು ಬೇಡಿಕೊಂಡರು. ಅವರು ಬದುಕಿದರು. ಇದನ್ನೆಲ್ಲ ಬಾನು ಅವರೇ ಮುಚ್ಚುಮರೆಯಿಲ್ಲದೆ ಪತ್ರಿಕೆಗಳ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ.

ಆಮೇಲೆ ಏನಾಯಿತು?

ಬಂಡಾಯ ಸಾಹಿತ್ಯದ ಕಾಲದಲ್ಲಿ ಕಥೆ ಬರೆದರು. ಲಂಕೇಶ್ ಪತ್ರಿಕೆಗೆ ವರದಿ ಮಾಡಿದರು. ವಕೀಲರಾಗಿ ನೊಂದ ಹೆಣ್ಣುಮಕ್ಕಳ ಪರ ನಿಂತರು. ಹಾಸನ ನಗರಸಭೆಗೆ ಎರಡು ಬಾರಿ ಸದಸ್ಯೆಯಾದರು. ಹೆಂಗಸರಿಗೂ ಮಸೀದಿಗೆ ಹೋಗುವ ಹಕ್ಕಿದೆ ಎಂದಿದ್ದಕ್ಕೆ 2000ದಲ್ಲಿ ಮೂರು ತಿಂಗಳು ಬಹಿಷ್ಕಾರ ಅನುಭವಿಸಿದರು, ಆದರೂ ಬರೆಯುವುದು ಬಿಡಲಿಲ್ಲ. ಅವರ ಕಥೆಯೊಂದನ್ನು ಆಧರಿಸಿ ಗಿರೀಶ್ ಕಾಸರವಳ್ಳಿ 'ಹಸೀನಾ' ಸಿನಿಮಾ ಮಾಡಿದರು.

'ಎದೆಯ ಹಣತೆ' ಕಥೆಯಲ್ಲಿ ಗಂಡನಿಂದ ನೊಂದು ತವರಿಗೆ ಬಂದ ಮೆಹರುನ್‌ಳನ್ನು ತವರಿನವರೇ ವಾಪಸ್ ಬಿಟ್ಟು ಬರುತ್ತಾರೆ. ಸಾಯಲು ಹೊರಟ ಅವಳನ್ನು ತಡೆಯುವುದು ಅವಳ ಮಗಳು. ತವರಿನಿಂದ ಹೀಗೆ ವಾಪಸ್ ಬಂದ ಹೆಣ್ಣುಮಕ್ಕಳು ಎಲ್ಲ ಜಾತಿ, ಎಲ್ಲ ಧರ್ಮದಲ್ಲೂ ಇದ್ದಾರೆ. ಅವರ ಹನ್ನೆರಡು ಕಥೆಗಳನ್ನು ದೀಪಾ ಭಾಸ್ತಿ ಇಂಗ್ಲಿಷಿಗೆ ತಂದರು. ಆ ಪುಸ್ತಕಕ್ಕೆ 2025ರ ಮೇ ತಿಂಗಳಲ್ಲಿ ಲಂಡನ್ನಿನಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಕನ್ನಡಕ್ಕೆ ಈ ಪ್ರಶಸ್ತಿ ಬಂದಿದ್ದು ಅದೇ ಮೊದಲು. ಆಗ ಅವರಿಗೆ 77 ವರ್ಷ. ಅದೇ ವರ್ಷ ಮೈಸೂರು ದಸರಾ ಉದ್ಘಾಟಿಸಿದರು.

ಆ ದಿನ ಯಾರೂ ಗಮನಿಸದೇ ಹೋಗಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ. ಆ ಕೂಸಿಗೆ ತಾಯಿಯೂ ಇರುತ್ತಿರಲಿಲ್ಲ.

ಇದು ಕಾಯಿಲೆ, ಸೋಮಾರಿತನವಲ್ಲ

ಹೆರಿಗೆಯಾದ ಎರಡು ಮೂರು ದಿನಕ್ಕೆ ಸುಮ್ಮಸುಮ್ಮನೆ ಅಳು ಬರುವುದು ಬಹಳ ಜನಕ್ಕೆ ಆಗುತ್ತದೆ, ಎರಡು ವಾರದೊಳಗೆ ತಾನೇ ಹೋಗುತ್ತದೆ. ಎರಡು ವಾರ ದಾಟಿದರೂ ಕೆಳಗಿನ ಲಕ್ಷಣ ಇದ್ದರೆ ಅದು ಖಿನ್ನತೆ ಇರಬಹುದು:

- ದಿನವೆಲ್ಲ ದುಃಖ, ಯಾವುದರಲ್ಲೂ ಆಸೆ ಇಲ್ಲ
- ಮಗು ಮಲಗಿದರೂ ತಾಯಿಗೆ ನಿದ್ದೆ ಬಾರದು, ಊಟ ಸೇರದು
- ಮಗುವಿನ ಮೇಲೆ ಮನಸ್ಸೇ ಹೋಗದು
- "ನಾನು ಕೆಟ್ಟ ತಾಯಿ", "ನಾನು ಇರಬಾರದಿತ್ತು" ಎಂಬ ಮಾತು

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ನಮ್ಮಂಥ ದೇಶಗಳಲ್ಲಿ ಹೆತ್ತ ನೂರು ತಾಯಂದಿರಲ್ಲಿ ಸುಮಾರು ಇಪ್ಪತ್ತು ಮಂದಿಗೆ ಮನಸ್ಸಿನ ತೊಂದರೆ ಬರುತ್ತದೆ, ಅದರಲ್ಲಿ ಖಿನ್ನತೆಯೇ ಹೆಚ್ಚು. ಗಾಳಿ ಸೋಕಿದೆ, ದೃಷ್ಟಿಯಾಗಿದೆ, ಕೆಲಸ ತಪ್ಪಿಸಿಕೊಳ್ಳೋಕೆ ನಾಟಕ ಎಂದೆಲ್ಲ ಹೇಳಿ ದಿನ ಕಳೆಯಬಾರದು. ಸಮಾಧಾನದ ಮಾತುಕತೆ ಮತ್ತು ಬೇಕಾದರೆ ಮಾತ್ರೆಯಿಂದ ಇದು ಗುಣವಾಗುತ್ತದೆ. ಹಾಲೂಡಿಸುತ್ತಿದ್ದೇನೆ ಎಂದು ವೈದ್ಯರಿಗೆ ತಿಳಿಸಿದರೆ ಅದಕ್ಕೆ ಹೊಂದುವ ಔಷಧಿ ಕೊಡುತ್ತಾರೆ.

ಇಲ್ಲದ ದನಿ ಕೇಳಿಸುವುದು, ಎಲ್ಲರ ಮೇಲೂ ಅನುಮಾನ, ತನಗೋ ಮಗುವಿಗೋ ಅಪಾಯ ಮಾಡಿಕೊಳ್ಳುವ ಮಾತು ಕಂಡರೆ ಒಂದು ದಿನವೂ ಕಾಯಬೇಡಿ. ಅವಳನ್ನು ಒಂಟಿಯಾಗಿ ಬಿಡಬೇಡಿ, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಗಾಡಿ ಇಲ್ಲದಿದ್ದರೆ 108ಕ್ಕೆ ಕರೆ ಮಾಡಿ.

ಸಂಘ ಏನು ಮಾಡಬಹುದು?

1. ಸದಸ್ಯೆಯ ಮನೆಯಲ್ಲಿ ಹೆರಿಗೆಯಾದರೆ ಇಬ್ಬರು ಹೋಗಿ ಬನ್ನಿ. ಮಗುವನ್ನು ನೋಡುವ ಮೊದಲು ತಾಯಿಯನ್ನು ಮಾತಾಡಿಸಿ.
2. ಅತ್ತೆಗೆ, ಗಂಡನಿಗೆ ತಿಳಿಹೇಳಿ. ರೇಷ್ಮೆ ಹುಳು ಹಣ್ಣಾಗುವ ದಿನಗಳಲ್ಲಿ ಮನೆಯಲ್ಲಿ ಯಾರಿಗೂ ಬಿಡುವಿರುವುದಿಲ್ಲ, ಆಗ ಸ್ವಲ್ಪ ಹೊತ್ತು ಮಗುವನ್ನು ನೀವು ಎತ್ತಿಕೊಂಡರೂ ತಾಯಿ ಒಂದು ನಿದ್ದೆ ಮಾಡುತ್ತಾಳೆ.
3. ಆಶಾ ಕಾರ್ಯಕರ್ತೆಗೆ ತಿಳಿಸಿ. ಅವರು ಆರೋಗ್ಯ ಕೇಂದ್ರದಿಂದ ಮನೋವೈದ್ಯರವರೆಗೆ ದಾರಿ ತೋರಿಸುತ್ತಾರೆ.
4. ಟೆಲಿ ಮಾನಸ್ ಸಹಾಯವಾಣಿ 14416. ಇದು ಉಚಿತ, ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು. ನಂಬರನ್ನು ಸಂಘದ ಪುಸ್ತಕದ ಮೇಲೆ ಬರೆದಿಡಿ.
5. ಅವಳು ಹೇಳಿದ್ದನ್ನು ಬೀದಿಯಲ್ಲಿ ಆಡಬೇಡಿ. ಗುಟ್ಟು ಉಳಿದರೆ ಮಾತ್ರ ಇನ್ನೊಬ್ಬಳು ಬಾಯಿ ಬಿಡುತ್ತಾಳೆ.

ಸಭೆಯಲ್ಲಿ ಚರ್ಚಿಸಿ

- ನಮ್ಮ ಊರಿನಲ್ಲಿ ಬಾಣಂತಿ ಅತ್ತರೆ ಏನೆಂದು ಹೇಳುತ್ತಾರೆ?
- ಬಾನು ಅವರ ಗಂಡ ಮಾಡಿದ್ದನ್ನು ನಮ್ಮ ಮನೆಯ ಗಂಡಸರಿಗೆ ಹೇಗೆ ತಿಳಿಸೋಣ?
- ಈ ತಿಂಗಳು ನಮ್ಮ ಸಂಘದಿಂದ ಯಾವ ಬಾಣಂತಿಯ ಮನೆಗೆ ಯಾರು ಹೋಗುತ್ತೀರಿ? ಹೆಸರು ಬರೆದುಕೊಂಡೇ ಸಭೆ ಮುಗಿಸಿ.